“ಬಿಜಾಪುರ ಎಷ್ಟಕ್ಕ ಬಿಡ್ತೀರಿ?”

ಬೆಂಗಳೂರಿನಿಂದ ಜತ್ತಿಗೆ ಹೊರಟ ಕಾರಿಗೆ ದಾರಿ ಹೇಳುವವರು ಇಬ್ಬರು. ಸ್ಟೇರಿಂಗ್ ಪಕ್ಕ ಸಿಕ್ಕಿಸಿದ ಫೋನು ಒಂದು, ಊರಿನಿಂದ ತಾಸಿಗೊಮ್ಮೆ ಕರೆ ಮಾಡುವ ಕಾಕಾ ಇನ್ನೊಬ್ಬರು. ಫೋನು ಇನ್ನೆಷ್ಟು ನಿಮಿಷ ಎಂದು ಹೇಳುತ್ತಲೇ ಇರುತ್ತದೆ. ಕಾಕಾ ಕೇಳುವುದು ಮಾತ್ರ ಬೇರೆ: “ಬಿಜಾಪುರ ಎಷ್ಟಕ್ಕ ಬಿಡ್ತೀರಿ?” ಕಾರು ಇನ್ನೂ ಹಿರಿಯೂರು ದಾಟಿರುವುದಿಲ್ಲ. ಆರು ನೂರು ಕಿಲೋಮೀಟರಿನ ದಾರಿಯಲ್ಲಿ ಕೊನೆಯ ಅರವತ್ತೆಪ್ಪತ್ತರ ಚಿಂತೆ ಈಗಲೇ ಯಾಕೆ ಎಂದು ಹಿಂದಿನ ಸೀಟಿನ ಹುಡುಗರಿಗೆ ನಗು. ನನ್ನನ್ನು ಕೇಳಿದರೆ ಕಾಕಾ ಕೇಳಿದ್ದೇ ಸರಿ. ಫೋನು ಕೇಳದೇ ಬಿಟ್ಟ ಪ್ರಶ್ನೆ ಅದು.

ಜತ್ತ ಗೊತ್ತಿಲ್ಲದವರಿಗೆ ಎರಡು ಮಾತು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿಯ ತಾಲ್ಲೂಕು ಇದು. ಒಂದು ಕಾಲಕ್ಕೆ ಡಫಳೆ ಮನೆತನದ ಸಂಸ್ಥಾನ. ಉಮದಿ, ಸಂಖ, ತಿಕ್ಕುಂಡಿ, ಗುಡ್ಡಾಪುರದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಜಿಲ್ಲಾ ಕೇಂದ್ರ ಸಾಂಗಲಿಗಿಂತ ವಿಜಯಪುರ (ಕಾಕಾನ ಬಾಯಲ್ಲಿ ಬಿಜಾಪುರ) ಹತ್ತಿರ, ಅಥಣಿ ಅದಕ್ಕಿಂತಲೂ ಹತ್ತಿರ. ಮಳೆ ಕಡಿಮೆ, ನೀರು ಕಡಿಮೆ. ಓದಿದ ಹುಡುಗರು ಪುಣೆಗೋ ಬೆಂಗಳೂರಿಗೋ ಹೋಗಿ ನಿಂತಿದ್ದಾರೆ. ದೀಪಾವಳಿಗೆ, ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೆ, ಯುಗಾದಿಗೆ, ಮೇ ತಿಂಗಳ ಮದುವೆಗಳಿಗೆ ಅವರೆಲ್ಲ ಊರಿಗೆ ಬರಲೇಬೇಕು. ರೈಲಿನ ಆಸೆ ಪೂರ್ತಿ ಈಡೇರುವುದಿಲ್ಲ. ಜತ್ತಿನ ಹೆಸರು ಹೊತ್ತ ಸ್ಟೇಷನ್ನು ಮೀರಜ್–ಪಂಢರಪುರ ಮಾರ್ಗದಲ್ಲಿದೆ, ಪಟ್ಟಣದಿಂದ ಬಹು ದೂರ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದರೆ ವಿಜಯಪುರದಲ್ಲಿ ಇಳಿಯಬಹುದು, ಆದರೆ ಮಂಡಿನೋವಿನ ಅವ್ವ, ಎರಡು ಮಕ್ಕಳು, ಐದು ಬ್ಯಾಗು ಕಟ್ಟಿಕೊಂಡು ಇಳಿದ ಮೇಲೆ ಮುಂದೇನು? ಹೀಗಾಗಿ ಕಾರು.

ಕಾರಿಗೆ ದಾರಿ ಮೂರು. ಮೊದಲನೆಯದು ಪೂರ್ವದ ದಾರಿ: ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಂದ ಬಲಕ್ಕೆ ಹೆದ್ದಾರಿ 50 ಹಿಡಿದು ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ, ನಿಡಗುಂದಿ, ವಿಜಯಪುರ. ಎರಡನೆಯದು ನಡುವಿನದು: ಹೆದ್ದಾರಿ 48ರಲ್ಲೇ ಮುಂದುವರಿದು ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಅಲ್ಲಿಂದ ಹೆದ್ದಾರಿ 52ರಲ್ಲಿ ನವಲಗುಂದ, ನರಗುಂದ, ಕೆರೂರು, ಗದ್ದನಕೇರಿ ಕ್ರಾಸ್, ಬೀಳಗಿ, ಕೊಲ್ಹಾರದ ಮೇಲೆ ವಿಜಯಪುರ. ಮೂರನೆಯದು ಪಶ್ಚಿಮದ್ದು: ಬೆಳಗಾವಿಯನ್ನೂ ದಾಟಿ ಸಂಕೇಶ್ವರದಲ್ಲಿ ತಿರುಗಿ ಚಿಕ್ಕೋಡಿ, ಅಥಣಿ, ಜತ್ತ. ಕೊಲ್ಹಾಪುರ–ಮೀರಜ್ ಸುತ್ತಿ ಬರುವವರೂ ಇದ್ದಾರೆ. ಅದು ದಾರಿಯಲ್ಲ, ಮಹಾಲಕ್ಷ್ಮಿ ದರ್ಶನದ ನೆಪ.

ಫೋನು ಈ ಮೂರರಲ್ಲಿ ಒಂದನ್ನು ಹೇಗೆ ಆರಿಸುತ್ತದೆ? ಇದರ ಮೂಲ 1956ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ಯುವಕ, ಮದುವೆ ನಿಶ್ಚಯವಾಗಿದ್ದ ಹುಡುಗಿಯ ಜೊತೆ ಪೇಟೆ ಸುತ್ತಿ ದಣಿದು ಕಾಫಿ ಕುಡಿಯಲು ಕೂತಾಗ, ರೋಟರ್‌ಡ್ಯಾಮ್‌ನಿಂದ ಗ್ರೋನಿಂಗನ್ನಿಗೆ ಹೋಗಲು ಎಲ್ಲಕ್ಕಿಂತ ಹತ್ತಿರದ ದಾರಿ ಯಾವುದು ಎಂಬ ಲೆಕ್ಕವನ್ನು ಕಾಗದ ಪೆನ್ನಿಲ್ಲದೆ ಇಪ್ಪತ್ತು ನಿಮಿಷದಲ್ಲಿ ಬಿಡಿಸಿದ. 1959ರಲ್ಲಿ ಅದು ಅಚ್ಚಾಯಿತು. ಪ್ರತಿ ಊರು ಒಂದು ಚುಕ್ಕೆ, ಎರಡು ಊರುಗಳ ನಡುವಿನ ರಸ್ತೆ ಒಂದು ಗೆರೆ, ಗೆರೆಯ ಮೇಲೆ ಒಂದು ಸಂಖ್ಯೆ. ಹೊರಟ ಚುಕ್ಕೆಯಿಂದ ಅತಿ ಕಡಿಮೆ ಮೊತ್ತದಲ್ಲಿ ಮುಟ್ಟಬಹುದಾದ ಚುಕ್ಕೆಯನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದು, ಅಲ್ಲಿಂದ ಅದರ ನೆರೆಯ ಚುಕ್ಕೆಗಳಿಗೆ ಹೊಸ ಮೊತ್ತ ಹಾಕುವುದು, ಹೀಗೇ ಗುರಿ ಮುಟ್ಟುವವರೆಗೆ. ಇಂದಿನ ಫೋನಿನ ನಕ್ಷೆಗಳ ಲೆಕ್ಕ ಇನ್ನೂ ಚುರುಕಿನದು, ಆದರೆ ಬೇರು ಇದೇ.

ಗೆರೆಯ ಮೇಲಿನ ಸಂಖ್ಯೆ ಮೊದಲು ಕಿಲೋಮೀಟರ್ ಆಗಿತ್ತು, ಈಗ ನಿಮಿಷ. ಆ ನಿಮಿಷಗಳು ಬರುವುದು ಅದೇ ರಸ್ತೆಯಲ್ಲಿ ಹಿಂದೆ ಹೋದ, ಈಗ ಹೋಗುತ್ತಿರುವ ಫೋನುಗಳ ವೇಗದಿಂದ. ತುಮಕೂರು ರಸ್ತೆಯಲ್ಲಿ ಯಾವ ಹೊತ್ತಿಗೂ ಸಾವಿರಾರು ಫೋನುಗಳು ಓಡುತ್ತಿರುವುದರಿಂದ ಅಲ್ಲಿನ ಲೆಕ್ಕ ಬಹುಮಟ್ಟಿಗೆ ನಿಜವಾಗುತ್ತದೆ. ಗಡಿಯ ಹಳ್ಳಿ ರಸ್ತೆಯಲ್ಲಿ ರಾತ್ರಿ ಎಂಟಕ್ಕೆ ಎಷ್ಟು ಫೋನು ಓಡುತ್ತವೆ? ಅಲ್ಲಿ ಅದು ಹೇಳುವುದು ಅಂದಾಜು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ: ನಿಮಿಷಗಳನ್ನು ಕೂಡಿಸುವ ಈ ಲೆಕ್ಕದಲ್ಲಿ ಎಲ್ಲ ನಿಮಿಷಗಳೂ ಒಂದೇ. ಹಗಲು ಹತ್ತಕ್ಕೆ ಚತುಷ್ಪಥದಲ್ಲಿ ಕಳೆದ ಒಂದು ತಾಸೂ, ಕತ್ತಲಾದ ಮೇಲೆ ಎದುರು ಲಾರಿಯ ದೀಪಕ್ಕೆ ಕಣ್ಣು ಕುಕ್ಕಿಸಿಕೊಂಡು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಕಳೆದ ಒಂದು ತಾಸೂ ಅದಕ್ಕೆ ಅರವತ್ತು ನಿಮಿಷವೇ. ಕುಟುಂಬ ಕಟ್ಟಿಕೊಂಡು ಹೊರಟವನಿಗೆ ಹಾಗಲ್ಲ.

ಬೆಂಗಳೂರಿಂದ ಬರುವವರಿಗೆ ತಪ್ಪಿಸಲಾಗದ ಇನ್ನೊಂದು ಸಂಗತಿ ಕೃಷ್ಣೆ. ಮೂರರಲ್ಲಿ ಯಾವ ದಾರಿ ಹಿಡಿದರೂ ಎಲ್ಲೋ ಒಂದು ಕಡೆ ಆ ಹೊಳೆ ದಾಟಲೇಬೇಕು. ಪೂರ್ವದ ದಾರಿ ಆಲಮಟ್ಟಿ ಅಣೆಕಟ್ಟೆಯ ಕೆಳಗೆ ನಿಡಗುಂದಿಯ ಹತ್ತಿರ ದಾಟುತ್ತದೆ. ನಡುವಿನದು ಕೊಲ್ಹಾರ–ಕೊರ್ತಿ ಸೇತುವೆಯ ಮೇಲೆ, ಅಣೆಕಟ್ಟೆಯ ಹಿನ್ನೀರನ್ನು ದಾಟುತ್ತದೆ. ಎರಡೂ ಎತ್ತರದ, ಹೆದ್ದಾರಿಯ ಸೇತುವೆಗಳು. ಪಶ್ಚಿಮದ ದಾರಿಯ ಮಾತು ಬೇರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಕಡೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳಿಗೆ ಅಡ್ಡಲಾಗಿ ಬ್ಯಾರೇಜಿನ ಮೇಲೆಯೇ ರಸ್ತೆ ಹಾದುಹೋಗುವ ತಗ್ಗು ಸೇತುವೆಗಳಿವೆ. ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ: ಜುಲೈ ಬಂತೆಂದರೆ ಈ ಜೋಡಿ ಹೆಸರುಗಳು ಪತ್ರಿಕೆಯಲ್ಲಿ ತಪ್ಪದೆ ಕಾಣಿಸುತ್ತವೆ, ಮುಳುಗಡೆಯ ಪಟ್ಟಿಯಲ್ಲಿ. ಚಿಕ್ಕೋಡಿಯಲ್ಲಿ ಒಂದು ಹನಿ ಮಳೆ ಬೀಳಬೇಕೆಂದಿಲ್ಲ. ಮಹಾಬಳೇಶ್ವರ, ಕೊಯ್ನಾ ಕಡೆ ಜಡಿಮಳೆ ಹಿಡಿದರೆ ಸಾಕು. ಹತ್ತು ನಿಮಿಷ ಉಳಿಯುತ್ತದೆ ಎಂದು ಫೋನು ಒಳರಸ್ತೆಗೆ ತಿರುಗಿಸಿದರೆ ನೀವು ಬಂದು ನಿಲ್ಲುವುದು ಇಂಥದೊಂದು ಸೇತುವೆಯ ಮುಂದೆ, ಪೊಲೀಸರು ಅಡ್ಡ ಇಟ್ಟ ಬ್ಯಾರಿಕೇಡಿನ ಎದುರು.

ದೊಡ್ಡ ಹೆದ್ದಾರಿಯೂ ಇದರಿಂದ ಹೊರತಲ್ಲ. 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಅಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ಮೀರಿ ಹರಿದಳು; ಅಪಾಯದ ಮಟ್ಟ 45 ಅಡಿ. ಆ ಸಲ ಕೊಲ್ಹಾಪುರದ ಶಿರೋಲಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತ್ತು. 2021ರ ಜುಲೈನಲ್ಲಿ ಮತ್ತೆ ಅದೇ ಕಥೆ. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ರಸ್ತೆಗೆ ಬಂದಳು. ಒಂದೇ ಸಾಂಗಲಿ ಜಿಲ್ಲೆಯ ಪಶ್ಚಿಮದವರು ದೋಣಿಯಲ್ಲಿ ಮನೆ ಬಿಡುತ್ತಿದ್ದಾಗ ಪೂರ್ವದ ಜತ್ತಿನವರು ಟ್ಯಾಂಕರ್ ನೀರಿನ ಲೆಕ್ಕ ಹಾಕುತ್ತಿದ್ದರು. ಜುಲೈ, ಆಗಸ್ಟ್‌ನಲ್ಲಿ ಪಶ್ಚಿಮದ ದಾರಿಯನ್ನು ನಕ್ಷೆಯಿಂದ ಅಳಿಸಿಬಿಡಿ ಎನ್ನುವುದು ನನ್ನ ಸಲಹೆ. ಆ ದಾರಿಗೆ ಉಳಿದ ತಿಂಗಳುಗಳಲ್ಲೂ ನನ್ನ ಮತ ಕಡಿಮೆ. ಬೆಳಗಾವಿಯಲ್ಲಿ ಮಗಳ ಮನೆಯೋ ತಂಗಿಯ ಮನೆಯೋ ಇದ್ದು ಒಂದು ರಾತ್ರಿ ನಿಲ್ಲುವುದಾದರೆ ಮಾತು ಬೇರೆ.

ಈಗ ಕಾಕಾನ ಪ್ರಶ್ನೆಗೆ ಬರೋಣ. ವಿಜಯಪುರದವರೆಗೆ ರಸ್ತೆಗೊಂದು ಸ್ವಭಾವ, ಅಲ್ಲಿಂದ ಮುಂದೆ ಇನ್ನೊಂದು. ಚಿತ್ರದುರ್ಗದಿಂದ ವಿಜಯಪುರದವರೆಗಿನ ಹೆದ್ದಾರಿ 50 ನಡುವೆ ವಿಭಜಕವಿರುವ ಚತುಷ್ಪಥ. ಎದುರಿನ ವಾಹನ ನಿಮ್ಮ ಪಾಲಿನ ರಸ್ತೆಗೆ ಬರುವುದಿಲ್ಲ. (ಬರುತ್ತವೆ, ಧಾಬಾಕ್ಕೆ ಅಡ್ಡದಾರಿ ಹಿಡಿದ ಬೈಕುಗಳು ತಪ್ಪು ದಿಕ್ಕಿನಲ್ಲಿ ಬರುತ್ತವೆ. ಅದಕ್ಕೆ ಯಾವ ಎಂಜಿನಿಯರೂ ಇನ್ನೂ ಮದ್ದು ಕಂಡುಹಿಡಿದಿಲ್ಲ.) 2018ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಪ್ರಕಾರ ವಿಭಜಕವಿರುವ ಚತುಷ್ಪಥದಲ್ಲಿ ಕಾರಿನ ಗರಿಷ್ಠ ಮಿತಿ ತಾಸಿಗೆ 100 ಕಿ.ಮೀ., ಸಾಮಾನ್ಯ ರಸ್ತೆಯಲ್ಲಿ 70. ವಿಜಯಪುರ ಬಿಟ್ಟು ಜತ್ತಿನ ಕಡೆ ತಿರುಗಿದಿರೆಂದರೆ ಹಿಡಿಯುವುದು ಗುಹಾಗರ–ವಿಜಯಪುರ ಹೆದ್ದಾರಿ. ಕೊಂಕಣದ ಕಡಲತಡಿಯಿಂದ ಚಿಪಳೂಣ, ಕರಾಡ, ಜತ್ತ ಹಾಯ್ದು ಬರುವ ಇದಕ್ಕೆ ರಾಷ್ಟ್ರೀಯ ಹೆದ್ದಾರಿ 166ಇ ಎಂಬ ದೊಡ್ಡ ಹೆಸರೂ ಇದೆ. ಅಷ್ಟಾಗಿಯೂ ಇಲ್ಲಿ ಎದುರುಬದುರು ಸಂಚಾರ; ರಸ್ತೆಯಂಚಿಗೇ ಹೊಲ, ಹೊಲದಿಂದ ನೇರ ರಸ್ತೆಗೆ ಏರುವ ಚಕ್ಕಡಿ, ದನ, ಕುರಿಹಿಂಡು.

ಇದಕ್ಕೆ ಕಬ್ಬಿನ ಕಾಲ ಸೇರಿಸಿ. ದೀಪಾವಳಿಯ ಹಿಂದುಮುಂದು ಕಾರ್ಖಾನೆಗಳು ಶುರುವಾದರೆ ಮಾರ್ಚ್‌ವರೆಗೆ ಅಥಣಿ, ಜಮಖಂಡಿ, ಮುಧೋಳ, ಬೀಳಗಿ, ವಿಜಯಪುರದ ಸುತ್ತಿನ ರಸ್ತೆಗಳೆಲ್ಲ ಕಬ್ಬಿನ ಪಾಲು. ಒಂದು ಟ್ರ್ಯಾಕ್ಟರು, ಎರಡು ಟ್ರೇಲರು, ಪಕ್ಕಕ್ಕೆ ಚಾಚಿಕೊಂಡ ಹೊರೆ, ಕಿವಿ ಒಡೆಯುವ ಹಾಡು. ಹಾಡಿಗೆ ಬ್ಯಾಟರಿ ಇರುತ್ತದೆ, ಹಿಂದಿನ ದೀಪಕ್ಕೆ ಇರುವುದಿಲ್ಲ. ಹಗಲಲ್ಲಿ ಅದು ಬರೀ ತಡೆ. ಹಿಂದೆ ಬಿದ್ದು ಒಂದಿಷ್ಟು ಹೊತ್ತು ತೆವಳಬೇಕು, ಅಷ್ಟೆ. ಕತ್ತಲಲ್ಲಿ ಅದೇ ಟ್ರೇಲರು ನಡುರಸ್ತೆಯಲ್ಲಿ ನಿಂತ ಕರಿ ಗೋಡೆ. ಪಂಕ್ಚರ್ ಆಗಿ ನಿಂತದ್ದಂತೂ ಇನ್ನೂ ಕಠಿಣ: ಹಿಂದೆ ನಾಲ್ಕು ಕಲ್ಲು ಜೋಡಿಸಿಟ್ಟು ಚಾಲಕ ಊರಿಗೆ ಹೋಗಿರುತ್ತಾನೆ. ನಡುವಿನ ದಾರಿ, ಅಂದರೆ ಹುಬ್ಬಳ್ಳಿಯಿಂದ ಬರುವ ಹೆದ್ದಾರಿ 52, ನವಲಗುಂದ–ನರಗುಂದದ ಎರೆಹೊಲಗಳ ನಡುವೆ ನೋಡಲು ಚೆಂದ. ಆದರೆ ಗದ್ದನಕೇರಿಯಿಂದ ಕೊಲ್ಹಾರದವರೆಗೆ ಕಬ್ಬಿನ ಹಂಗಾಮಿನಲ್ಲಿ ಅದೂ ಇದೇ ಜಾತಿಗೆ ಸೇರುತ್ತದೆ. ಬೆಂಗಳೂರಿನವರಿಗೆ ನಾನು ಪೂರ್ವದ ದಾರಿಯನ್ನೇ ಹೇಳುವುದಕ್ಕೆ ದೊಡ್ಡ ಕಾರಣ ಇದು. ಕಷ್ಟದ ತುಂಡು ಅದರಲ್ಲಿ ಒಂದೇ, ಅದೂ ಕೊನೆಗೆ.

ಜಾತ್ರೆಯ ದಿನಗಳಲ್ಲಿ ಇನ್ನೊಂದು ಸಂಗತಿ ಕೂಡಿಕೊಳ್ಳುತ್ತದೆ. ಗುಡ್ಡಾಪುರದ ದಾನಮ್ಮದೇವಿ ಜಾತ್ರೆ ಛಟ್ಟಿ ಅಮಾವಾಸ್ಯೆಗೆ, ಕಾರ್ತಿಕ ಮುಗಿಯುವ ಹೊತ್ತಿಗೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಸಾವಿರಾರು ಜನ ನಡೆದೇ ಬರುತ್ತಾರೆ. ಬಿಸಿಲು ತಪ್ಪಿಸಲು ಅವರು ಹೆಚ್ಚು ನಡೆಯುವುದು ನಸುಕಿನಲ್ಲಿ ಮತ್ತು ರಾತ್ರಿ, ರಸ್ತೆಯ ಅಂಚಿನಲ್ಲೇ. ಹೆಗಲ ಮೇಲೊಂದು ಚೀಲ, ಕೆಲವರದು ಬರಿಗಾಲು, ಮೈಮೇಲೆ ಹೊಳೆಯುವ ಪಟ್ಟಿ ಇತ್ಯಾದಿ ಏನೂ ಇಲ್ಲ. ಅಮಾವಾಸ್ಯೆಯ ಮುಂಚಿನ ರಾತ್ರಿಗಳೆಂದರೆ ಬೆಳದಿಂಗಳೂ ಇಲ್ಲ. ಅದೇ ದೇವಿಗೆ ಕಾರಿನಲ್ಲಿ ಹೊರಟವರು ನಡೆದು ಹೊರಟವರಿಗೆ ಅಪಾಯವಾಗಬಾರದಲ್ಲ. ಆ ವಾರ ಈ ರಸ್ತೆಗೆ ಸಂಜೆಯ ನಂತರ ಇಳಿಯುವುದು ಬೇಡ. ಇಳಿಯಲೇಬೇಕಾದರೆ ನಲವತ್ತರ ಮೇಲೆ ಮುಳ್ಳು ಹೋಗುವುದು ಬೇಡ.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಊರು ಮುಟ್ಟುವುದು ಐದೂವರೆಗೆ ಎಂದಿಟ್ಟುಕೊಳ್ಳಿ. ವಿಜಯಪುರದಿಂದ ಜತ್ತಿಗೆ ಸುಮಾರು ಒಂದೂವರೆ ತಾಸು, ಟ್ರ್ಯಾಕ್ಟರುಗಳ ಲೆಕ್ಕಕ್ಕೆ ಇನ್ನರ್ಧ; ವಿಜಯಪುರವನ್ನು ಮೂರೂವರೆಗೆ ಬಿಡಬೇಕು. ಬೆಂಗಳೂರಿನಿಂದ ವಿಜಯಪುರ ಸುಮಾರು 530 ಕಿ.ಮೀ. ಗಂಟೆಗೆ ಎಪ್ಪತ್ತರ ಸರಾಸರಿ ಎಂದರೂ ಏಳೂವರೆ ತಾಸು, ನಿಲ್ಲುವುದಕ್ಕೆ ಎರಡೂವರೆ ತಾಸು. ಎಳೆದು ಕೂಡಿಸಿದರೆ ಬೆಂಗಳೂರು ಬಿಡುವ ಹೊತ್ತು ಬೆಳಗಿನ ಐದೂವರೆ. ಅದಕ್ಕೆ ಇನ್ನೊಂದು ಲಾಭವೂ ಇದೆ, ಗೊರಗುಂಟೆಪಾಳ್ಯ ಮತ್ತು ನೆಲಮಂಗಲ ಇನ್ನೂ ನಿದ್ದೆಯಲ್ಲಿರುತ್ತವೆ. ಮನೆ ಬಿಡುವುದು ಒಂಬತ್ತಕ್ಕೆ ಎಂದಾದರೆ ದಾರಿ ಬದಲಿಸುವುದರಿಂದ ಏನೂ ಆಗದು, ತಂಗುವ ಊರು ಬದಲಿಸಬೇಕು. ವಿಜಯಪುರದಲ್ಲೇ ರೂಮು ಹಿಡಿಯಿರಿ. ಮರುದಿನ ಬೆಳಿಗ್ಗೆ ಮಕ್ಕಳಿಗೆ ಗೋಳಗುಮ್ಮಟದ ಪಿಸುಮಾತಿನ ಮಾಳಿಗೆ ತೋರಿಸಿ ಹತ್ತಕ್ಕೆ ಹೊರಟರೆ ಊಟದ ಹೊತ್ತಿಗೆ ಊರು.

“ರಾತ್ರಿ ಬಿಟ್ಟರ ಹೆಂಗ? ಹುಡುಗ್ರು ಮಲಗಿರ್ತಾವ, ರಸ್ತೆ ಖಾಲಿ” ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ, ಹೆಚ್ಚಾಗಿ ಅಳಿಯ. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಹೊರಟರೆ ಕೊನೆಯ ತುಂಡು ಬೆಳಕಲ್ಲೇ ಸಿಗುತ್ತದೆ, ನಿಜ. ಆದರೆ ಬೆಳಗಿನ ಜಾವ ಎರಡರಿಂದ ಐದರವರೆಗೆ ಮೈಯ ಗಡಿಯಾರ ತಾನಾಗಿ ಕೆಳಗಿಳಿಯುತ್ತದೆ. ಚಹಾ ಕುಡಿದರೂ, ಕಿಟಕಿ ತೆಗೆದರೂ, ಹಾಡು ಹಾಕಿದರೂ ರೆಪ್ಪೆ ಮಾತು ಕೇಳುವುದಿಲ್ಲ. ಆ ಹೊತ್ತು ಬರುವುದು ಚಿತ್ರದುರ್ಗ ದಾಟಿ ಕೂಡ್ಲಿಗಿ, ಹೊಸಪೇಟೆ, ಕುಷ್ಟಗಿಯ ನಡುವೆ, ನೆಟ್ಟಗಿನ ರಸ್ತೆಯಲ್ಲಿ. ತಿರುವಿನ ರಸ್ತೆ ಎಚ್ಚರ ಇಡುತ್ತದೆ, ನೆಟ್ಟಗಿನದು ಮಲಗಿಸುತ್ತದೆ. ಅದೇ ಹೊತ್ತಿಗೆ ಲಾರಿಯವರೂ ನಿದ್ದೆಗೆಟ್ಟಿರುತ್ತಾರೆ, ಹಲವರು ದೀಪ ಆರಿಸಿ ರಸ್ತೆಯ ಪಕ್ಕದಲ್ಲೇ ನಿಲ್ಲಿಸಿರುತ್ತಾರೆ. ದಿನವಿಡೀ ಕಚೇರಿಯಲ್ಲಿ ದುಡಿದವನು ಆ ರಾತ್ರಿ ಚಾಲಕನಾಗಲು ತಕ್ಕವನಲ್ಲ. ಇಬ್ಬರು ಓಡಿಸುವವರಿದ್ದು, ಒಬ್ಬರು ಮಧ್ಯಾಹ್ನ ನಿಜವಾಗಿ ಮಲಗಿದ್ದರೆ ಮಾತ್ರ ಅಳಿಯಂದಿರ ಮಾತಿಗೆ ಒಪ್ಪಬಹುದು.

ಇಷ್ಟೆಲ್ಲ ಲೆಕ್ಕ ಸರಿಯಾಗಿದ್ದರೂ ಆಗದ್ದು ಆಗುತ್ತದೆ ಎನ್ನುವುದನ್ನು ಜತ್ತ ತಾಲ್ಲೂಕು ಮರೆತಿಲ್ಲ. 2024ರ ಡಿಸೆಂಬರ್ 21, ಶನಿವಾರ. ಈ ತಾಲ್ಲೂಕಿನ ಮೂಲದ ಕುಟುಂಬವೊಂದು ಬೆಂಗಳೂರಿನಿಂದ ಊರ ಕಡೆ ಹೊರಟಿತ್ತು. ಹಗಲು ಹೊತ್ತು, ವಿಭಜಕವಿದ್ದ ಹೆದ್ದಾರಿ, ಸುರಕ್ಷತೆಗೆ ಹೆಸರಾದ ಕಾರು. ನೆಲಮಂಗಲದ ಹತ್ತಿರ ಎದುರು ಬದಿಯ ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಬಂದು ಕಾರಿನ ಮೇಲೆ ಉರುಳಿತು. ಮಕ್ಕಳೂ ಸೇರಿ ಆರು ಜನರಲ್ಲಿ ಯಾರೂ ಉಳಿಯಲಿಲ್ಲ. ಅವರ ದಾರಿಯ ಆಯ್ಕೆಯಲ್ಲಿ ಒಂದು ತಪ್ಪೂ ಇರಲಿಲ್ಲ. ದಾರಿ ಆರಿಸುವವನ ಕೈಲಿರುವುದು ಅಪಾಯದ ಒಂದು ಪಾಲು ಮಾತ್ರ. ಉಳಿದದ್ದು ಭಾರೀ ವಾಹನಗಳ ವೇಗ, ಅವುಗಳ ಲೇನ್ ಶಿಸ್ತು, ವಿಭಜಕದ ಗಟ್ಟಿತನ, ಇವನ್ನೆಲ್ಲ ನೋಡಿಕೊಳ್ಳಬೇಕಾದವರ ಕೈಯಲ್ಲಿದೆ. ನಮ್ಮ ಕಡೆಯಿಂದ ಮಾಡಬಹುದಾದದ್ದು ಸಣ್ಣದು: ನೆಲಮಂಗಲದಿಂದ ತುಮಕೂರಿನವರೆಗೆ ಲಾರಿಗಳ ಸಾಲಿನ ಪಕ್ಕ ಜೊತೆಜೊತೆಗೆ ಓಡದೆ, ಒಂದೋ ದಾಟಿ ಮುಂದೆ ಹೋಗುವುದು, ಇಲ್ಲವೇ ಹಿಂದೆ ಉಳಿಯುವುದು. ಲಾರಿಗಳು ಕಡಿಮೆಯಿರುವ ಹೊತ್ತಿಗೆ ಆ ತುಂಡು ದಾಟಿಬಿಡುವುದು.

ಎಲ್ಲಿ ನಿಲ್ಲಬೇಕು ಎನ್ನುವುದೂ ದಾರಿಯ ಆಯ್ಕೆಯೇ, ಮನೆಯ ಹೆಂಗಸರಿಗಂತೂ ಅದೇ ಮೊದಲ ಆಯ್ಕೆ. ಗಂಡಸರು ಕಿಲೋಮೀಟರ್ ಲೆಕ್ಕದಲ್ಲಿರುವಾಗ ಅವರ ತಲೆಯಲ್ಲಿರುವುದು ಮುಂದಿನ ಸ್ವಚ್ಛ ಶೌಚಾಲಯ ಎಷ್ಟು ದೂರ ಎಂಬುದು. ಇದನ್ನು ಕೇಳದೆ ಹೊರಟ ಚಾಲಕನ ಕಾರಿನಲ್ಲಿ ಅವ್ವ, ಅತ್ತೆ ಮುಂಜಾನೆಯಿಂದ ನೀರೇ ಕುಡಿದಿರುವುದಿಲ್ಲ. ಎರಡು ತಾಸಿಗೊಮ್ಮೆ, ತಪ್ಪಿದರೆ ಎರಡೂವರೆಗೆ, ನಿಲ್ಲಲೇಬೇಕು. ಪೂರ್ವದ ದಾರಿಗೆ ಈ ವಿಷಯದಲ್ಲಿ ಒಳ್ಳೆಯ ಅನುಕೂಲವಿದೆ. ಚಿತ್ರದುರ್ಗಕ್ಕೆ ನಾಷ್ಟಾದ ಹೊತ್ತು. ಹೊಸಪೇಟೆಗೆ ಹತ್ತೂವರೆ, ಹನ್ನೊಂದು. ಹಂಪಿ ಅಲ್ಲೇ ಪಕ್ಕದಲ್ಲಿದೆ, ಆದರೆ ಒಂದು ತಾಸಿನಲ್ಲಿ ನೋಡಿಬಿಡೋಣ ಎಂಬ ಮಾತಿಗೆ ಸೋಲಬೇಡಿ. ಹಂಪಿಗೆ ಒಂದು ದಿನ ಕೊಡುವುದಾದರೆ ಕೊಡಿ, ಇಲ್ಲದಿದ್ದರೆ ತುಂಗಭದ್ರೆಗೆ ಕಾರಿನಿಂದಲೇ ಕೈಮುಗಿದು ಮುಂದೆ ಹೋಗಿ. ಇಳಕಲ್ಲಿನಲ್ಲಿ ಸೀರೆಯ ಅಂಗಡಿಗೆ ಇಳಿದರೆ ಮೇಲಿನ ಲೆಕ್ಕವನ್ನೆಲ್ಲ ಹರಿದು ಹಾಕಿ.

ಊಟಕ್ಕೆ ನನ್ನ ಆಯ್ಕೆ ಕೂಡಲಸಂಗಮ. ಹೆದ್ದಾರಿಯಿಂದ ಒಳಗೆ ಸ್ವಲ್ಪ ದೂರ, ಕೃಷ್ಣೆ ಮಲಪ್ರಭೆ ಕೂಡುವ ಜಾಗ, ಬಸವಣ್ಣನವರ ಐಕ್ಯಸ್ಥಳ. ಹಿರಿಯರಿಗೆ ದರ್ಶನ, ಮಕ್ಕಳಿಗೆ ಓಡಾಡಲು ಬಯಲು, ನೆರಳಿನಲ್ಲಿ ಬುತ್ತಿ ಬಿಚ್ಚಲು ಜಾಗ. ಬುತ್ತಿಯ ವಿಷಯದಲ್ಲಿ ಉತ್ತರ ಕರ್ನಾಟಕದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಎಣ್ಣೆಗಾಯಿ ಕಟ್ಟಿಕೊಂಡರೆ ಹೋಟೆಲಿನಲ್ಲಿ ಟೇಬಲ್ಲಿಗಾಗಿ ಕಾಯುವ ಮುಕ್ಕಾಲು ತಾಸು ಉಳಿಯುತ್ತದೆ. ಆ ಮುಕ್ಕಾಲು ತಾಸೇ ಸಂಜೆಯ ಬೆಳಕು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂದಿದೆ: ಶುರುವಾದಾಗ 3,000 ರೂಪಾಯಿ, ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವುದು, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಾತ್ರ ನಡೆಯುತ್ತದೆ, ರಾಜ್ಯ ಸರ್ಕಾರದ ರಸ್ತೆಗಳ ಟೋಲಿಗೆ ಇಲ್ಲ. ವರ್ಷಕ್ಕೆ ಮೂರ್ನಾಲ್ಕು ಸಲ ಊರಿಗೆ ಬಂದು ಹೋಗುವ ಕುಟುಂಬಕ್ಕೆ ಇದು ಲಾಭದ್ದೇ. ಟೋಲ್ ಉಳಿಸಲೆಂದು ಸರ್ವಿಸ್ ರಸ್ತೆ, ಹಳ್ಳಿ ರಸ್ತೆ ಹುಡುಕುವ ಚಟಕ್ಕೂ ಇನ್ನು ನೆಪವಿಲ್ಲ. ಪೆಟ್ರೋಲು, ಡೀಸೆಲ್ಲು ಸಾಮಾನ್ಯವಾಗಿ ಮಹಾರಾಷ್ಟ್ರಕ್ಕಿಂತ ಕರ್ನಾಟಕದಲ್ಲಿ ಅಗ್ಗ. ಹೋಗುವಾಗ ವಿಜಯಪುರದಲ್ಲೇ ಟ್ಯಾಂಕು ತುಂಬಿಸಿ ಗಡಿ ದಾಟುವುದು ಜತ್ತಿನವರಿಗೆ ಹುಟ್ಟಿನಿಂದ ಬಂದ ಬುದ್ಧಿ.

ಗಡಿಯ ಇನ್ನೊಂದು ಮುಖ ಅಷ್ಟು ಸಲೀಸಲ್ಲ. ಊರಿನಿಂದ ಹೊರಡುವ ಕಾರಿನ ನಂಬರ್ ಪ್ಲೇಟು ಸಾಂಗಲಿಯದು, ಎಂಎಚ್ 10. ಒಳಗೆ ಕೂತವರ ಮಾತು ಕನ್ನಡ. ಬೆಂಗಳೂರಿನಿಂದ ಬಂದ ಮಗನ ಕಾರು ಕೆಎ. ಸಾಮಾನ್ಯ ದಿನಗಳಲ್ಲಿ ಇದು ಯಾರ ಲೆಕ್ಕಕ್ಕೂ ಬರುವುದಿಲ್ಲ. 2022ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತ ತಾಲ್ಲೂಕಿನ ಹಳ್ಳಿಗಳ ಹಳೆಯ ಠರಾವಿನ ಮಾತೆತ್ತಿದರು. ನೀರಿಲ್ಲದ್ದಕ್ಕೆ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆಂದು ಅವು ಮಾಡಿದ್ದ ಠರಾವು. ಕೆಲವೇ ವಾರಗಳಲ್ಲಿ ಗಡಿಯ ವಾದ ರಸ್ತೆಗಿಳಿಯಿತು. ಡಿಸೆಂಬರ್ 6ರಂದು ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲಿನಲ್ಲಿ ಮಹಾರಾಷ್ಟ್ರದ ವಾಹನಗಳ ಮೇಲೆ ಕಲ್ಲು ಬಿದ್ದವು, ಆ ಕಡೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು, ಎರಡೂ ರಾಜ್ಯಗಳ ಬಸ್ಸುಗಳು ನಿಂತವು. ಕನ್ನಡ ಮಾತಾಡುವ ಜತ್ತಿನವನ ಕಾರು ಕರ್ನಾಟಕದಲ್ಲಿ ಮರಾಠಿ ಕಾರು, ಅವನ ಮಗನ ಕಾರು ಮಹಾರಾಷ್ಟ್ರದಲ್ಲಿ ಕನ್ನಡ ಕಾರು. ಕಲ್ಲು ಎಸೆಯುವವನು ಕಿಟಕಿ ಇಳಿಸಿ ಮಾತಾಡಿಸಿ ನೋಡುವುದಿಲ್ಲ. ಇಂಥ ಗದ್ದಲ ಹೆಚ್ಚಾಗಿ ಸೇರುವುದು ಬೆಳಗಾವಿ–ನಿಪ್ಪಾಣಿ–ಕೊಲ್ಹಾಪುರದ ಹೆದ್ದಾರಿಯಲ್ಲಿ. ಪಶ್ಚಿಮದ ದಾರಿಗೆ ನನ್ನ ಮತ ಕಡಿಮೆ ಎಂದದ್ದಕ್ಕೆ ಇದೂ ಒಂದು ಕಾರಣ.

ಇಲ್ಲಿಯವರೆಗೆ ಜತ್ತ ಎಂದದ್ದು ಪಟ್ಟಣವನ್ನು. ತಾಲ್ಲೂಕು ದೊಡ್ಡದು, ಉಮದಿಯವರು ಜತ್ತಿನ ಮೇಲೆ ಹೋಗಬೇಕಿಲ್ಲ. ಅವರಿಗೆ ವಿಜಯಪುರದಿಂದ ಸೊಲ್ಲಾಪುರದ ಕಡೆಯ ಹೆದ್ದಾರಿ 52 ಹಿಡಿದು ಝಳಕಿಯವರೆಗೆ ಹೋಗಿ, ಅಲ್ಲಿ ಎಡಕ್ಕೆ ತಿರುಗಿ ಚಡಚಣದ ಮೇಲೆ ಊರು ಸೇರುವುದು ಲೇಸು. ಕಿಲೋಮೀಟರ್ ನಾಲ್ಕು ಹೆಚ್ಚಾದರೂ ಅಷ್ಟು ದೂರ ಚತುಷ್ಪಥ ಸಿಗುತ್ತದೆ, ಸಣ್ಣ ರಸ್ತೆಯ ಪಾಲು ಅರ್ಧಕ್ಕಿಳಿಯುತ್ತದೆ. ಫೋನು ಒಳದಾರಿ ತೋರಿಸಿ ಎಂಟು ನಿಮಿಷ ಉಳಿಸುತ್ತೇನೆ ಎನ್ನಬಹುದು. ಹಗಲಿದ್ದರೆ ಅದರ ಮಾತು ಕೇಳಿ ನೋಡಿ, ತೊಂದರೆಯಿಲ್ಲ. ಗುರುದೇವ ರಾನಡೆಯವರ ಪರಂಪರೆಯ ಭಕ್ತರು ಮನೆಯಲ್ಲಿದ್ದರೆ ಈ ಕಡೆಯ ದಾರಿಯೇ ಅವರ ಇಷ್ಟದ್ದು. ಉಮದಿಯ ಭಾವುಸಾಹೇಬ ಮಹಾರಾಜರ ಇಂಚಗೇರಿ ಮಠ, ರಾನಡೆಯವರ ನಿಂಬಾಳದ ಆಶ್ರಮ ಎರಡೂ ಇದೇ ಸೀಮೆಯಲ್ಲಿವೆ. ಒಂದಕ್ಕೆ ಇಳಿದರೆ ಇನ್ನೊಂದಕ್ಕೂ ಇಳಿಯಬೇಕಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮರಳುವಾಗ ಈ ಲೆಕ್ಕವೆಲ್ಲ ಉಲ್ಟಾ. ಕಷ್ಟದ ತುಂಡು ಈಗ ಮೊದಲಿಗೇ ಬರುತ್ತದೆ, ಬೆಳಗಿನ ಏಳಕ್ಕೆ ಹೊರಟರೆ ಬೆಳಕಲ್ಲೇ ಮುಗಿಯುತ್ತದೆ. ಕೊನೆಗೆ ಕಾದಿರುವುದು ಬೆಂಗಳೂರು. ಹಬ್ಬ ಮುಗಿದ ಭಾನುವಾರ ಸಂಜೆ ಉತ್ತರ ಕರ್ನಾಟಕದಿಂದ ಹೊರಟ ಅರ್ಧ ರಾಜ್ಯವೇ ತುಮಕೂರು ರಸ್ತೆಯಲ್ಲಿ ಕೂಡುತ್ತದೆ. ದಾಬಸ್‌ಪೇಟೆಯಿಂದ ಗೊರಗುಂಟೆಪಾಳ್ಯಕ್ಕೆ ಹಿಡಿಯುವ ಹೊತ್ತನ್ನು ಯಾವ ಗಣಿತವೂ ಮುಂಚೆ ಹೇಳಲಾರದು. ರಜೆ ಇನ್ನೊಂದು ದಿನ ಸಿಗುವುದಾದರೆ ಭಾನುವಾರ ಮಧ್ಯಾಹ್ನ ಊಟ ಮಾಡಿಕೊಂಡು ಹೊರಟು ಹೊಸಪೇಟೆಯಲ್ಲಿ ತಂಗಿ, ಸೋಮವಾರ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ನಗರ ಹೊಗುವುದು ಒಳ್ಳೆಯದು. ಸಿಗದಿದ್ದರೆ ಶನಿವಾರವೇ ಹೊರಡಬೇಕು. ಆ ಮಾತನ್ನು ಅವ್ವನಿಗೆ ಯಾರು ಹೇಳುತ್ತಾರೆ ಎನ್ನುವುದನ್ನು ಅಣ್ಣ ತಮ್ಮಂದಿರು ಬರುವ ದಾರಿಯಲ್ಲೇ ಗೊತ್ತುಮಾಡಿಕೊಂಡಿರಬೇಕು.